ಫಿನಾಯಿಲಿನ ವಾಸನೆಯೂ ಕಟ್ಟಡದ ಶುದ್ಧಿಯೂ

ಆಸ್ಪತ್ರೆಯ ಹೊಸ್ತಿಲನ್ನು ದಾಟಿದೊಡನೆ ಮೂಗಿಗೆ ಬಡಿಯುವ ವಾಸನೆಯೊಂದುಂಟು. ಬೆಳಗಿನ ಹೊತ್ತು ಕಚೇರಿ, ಪಾಠಶಾಲೆ, ಕಲ್ಯಾಣ ಮಂಟಪ, ಬಸ್ಸು ನಿಲ್ದಾಣ, ಬಹುಮಹಡಿ ವಸತಿ ಸಮುಚ್ಚಯ ಇವುಗಳಲ್ಲೆಲ್ಲ ಅದೇ ವಾಸನೆ ನಮ್ಮನ್ನು ಎದುರುಗೊಳ್ಳುತ್ತದೆ. ಅದು ಬಂದರೆ ಕಟ್ಟಡ ಶುಚಿಯಾಗಿದೆಯೆಂದು ನಮಗೆ ನೆಮ್ಮದಿ. ಬಾರದಿದ್ದರೆ ಈ ದಿನ ನೆಲವನ್ನು ಒರೆಸಿಯೇ ಇಲ್ಲವೇನೋ ಎಂಬ ಸಂದೇಹ. ಫಿನಾಯಿಲನ್ನು ನೀರಿಗೆ ಹೊಯ್ದಾಗ ನೀರು ಹಾಲಿನಂತೆ ಬೆಳ್ಳಗಾಗುವುದನ್ನು ಕಂಡು ಅದರ ಶಕ್ತಿಯನ್ನು ಮೆಚ್ಚುವವರೂ ಉಂಟು. ಆದರೆ ಆ ಬಿಳುಪಿಗೆ ಕಾರಣ ಎಣ್ಣೆಯ ಅತಿಸೂಕ್ಷ್ಮ ಹನಿಗಳು ನೀರಿನಲ್ಲಿ ಹರಡಿ ಬೆಳಕನ್ನು ಚದರಿಸುವುದು ಮಾತ್ರ. ರೋಗಾಣುಗಳ ಸಾವಿಗೂ ಆ ಬಣ್ಣಕ್ಕೂ ಸಂಬಂಧವಿಲ್ಲ. ವಾಸನೆಯ ವಿಷಯವೂ ಬಹುಮಟ್ಟಿಗೆ ಹೀಗೆಯೇ.

ವಾಸನೆಯನ್ನೇ ಶುದ್ಧಿಯೆಂದು ತಿಳಿದು ಕಟ್ಟಡಗಳ ಮೂಲೆಮೂಲೆಗೂ ತೀಕ್ಷ್ಣವಾದ ರೋಗಾಣುನಾಶಕಗಳನ್ನು ಸುರಿಯುವ ನಮ್ಮ ಅಭ್ಯಾಸ ಅವೈಜ್ಞಾನಿಕವಾದುದು. ಅದರಿಂದ ಆಗುವ ಪ್ರಯೋಜನ ನಾವು ಎಣಿಸಿದಷ್ಟಿಲ್ಲ. ಅದರಿಂದ ಆಗುವ ಹಾನಿಯಾದರೋ ಆ ವಸ್ತುವನ್ನು ಕೊಳ್ಳುವವರ ಮೇಲಲ್ಲ, ಅದನ್ನು ಕೈಯಿಂದ ಬಳಿಯುವವರ ಮೇಲೆ ಬೀಳುತ್ತದೆ. ಇದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಆಧಾರವಾದ ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಎರಡು ಕಾರ್ಯಗಳ ವ್ಯತ್ಯಾಸವನ್ನು ಮನಗಾಣಬೇಕು. ತೊಳೆಯುವುದು ಒಂದು, ರೋಗಾಣುಗಳನ್ನು ಕೊಲ್ಲುವುದು ಇನ್ನೊಂದು. ಸಾಬೂನು ಅಥವಾ ಅದರಂತಹ ಮಾರ್ಜಕವು ಜಿಡ್ಡನ್ನೂ ಧೂಳನ್ನೂ ಸಡಿಲಿಸಿ ಎತ್ತುತ್ತದೆ. ಜಿಡ್ಡಿನೊಡನೆ ಅದರಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ಬಹುಭಾಗವೂ ನೀರಿನೊಂದಿಗೆ ಹೊರಟುಹೋಗುತ್ತದೆ. ರೋಗಾಣುನಾಶಕವಾದರೋ ಇದ್ದಲ್ಲಿಯೇ ಅವುಗಳನ್ನು ಕೊಲ್ಲಲು ಹವಣಿಸುತ್ತದೆ. ಆದರೆ ಕೊಳೆಯ ಮೇಲೆ ಸುರಿದ ಕ್ಲೋರಿನ್ ದ್ರಾವಣವು ಕೊಳೆಯೊಡನೆಯೇ ಪ್ರತಿಕ್ರಿಯೆ ನಡೆಸಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ರೋಗಾಣುವನ್ನು ಮುಟ್ಟುವ ವೇಳೆಗೆ ಅದು ಬರಿಯ ನೀರಿಗೆ ಸಮಾನ. ಆದುದರಿಂದ ತೊಳೆಯದ ನೆಲಕ್ಕೆ ರೋಗಾಣುನಾಶಕವನ್ನು ಬಳಿಯುವುದು ಮೀಯದ ಮೈಗೆ ಗಂಧ ಪೂಸಿದಂತೆ. ಜರ್ಮನಿಯ ರಸಾಯನಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಶುಚಿಗೊಳಿಸುವ ಕ್ರಿಯೆಯನ್ನು ನಾಲ್ಕು ಅಂಶಗಳಾಗಿ ವಿಭಾಗಿಸಿ ತೋರಿಸಿದನು: ರಾಸಾಯನಿಕ, ಉಜ್ಜುವಿಕೆ, ಉಷ್ಣ ಮತ್ತು ಕಾಲ. ಇವುಗಳಲ್ಲಿ ಒಂದನ್ನು ಕಡಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ನಾವು ಮಾಡುತ್ತಿರುವುದು ಇದರ ವಿಪರೀತ: ಉಜ್ಜುವ ಶ್ರಮಕ್ಕೂ ಕಾಯುವ ಕಾಲಕ್ಕೂ ಬದಲಾಗಿ ರಾಸಾಯನಿಕವನ್ನೇ ಹೆಚ್ಚಿಸುತ್ತ ಹೋಗುತ್ತೇವೆ.

ಇನ್ನು ನೆಲದ ವಿಷಯ. 1960ರ ದಶಕದಲ್ಲಿ ಇಂಗ್ಲೆಂಡಿನ ಏಲಿಫ್ ಮತ್ತು ಅವನ ಸಂಗಡಿಗರು ಆಸ್ಪತ್ರೆಗಳ ನೆಲದ ಮೇಲೆ ಪ್ರಯೋಗಗಳನ್ನು ನಡೆಸಿದರು. ಸಾಬೂನು ನೀರಿನಿಂದ ತೊಳೆದಾಗ ನೆಲದ ಬ್ಯಾಕ್ಟೀರಿಯಗಳು ಸುಮಾರು ಶೇಕಡಾ 80ರಷ್ಟು ಇಳಿದುವು. ಫೀನಾಲ್ ವರ್ಗದ ರೋಗಾಣುನಾಶಕವನ್ನು ಬಳಸಿದಾಗ ಅದು ಶೇಕಡಾ 94ಕ್ಕೂ ಮೀರಿತು. ಇಷ್ಟನ್ನೇ ಕೇಳಿದರೆ ರೋಗಾಣುನಾಶಕದ ಪಕ್ಷವೇ ಗೆದ್ದಂತೆ ತೋರುವುದು. ಆದರೆ ಕೆಲವೇ ಗಂಟೆಗಳು ಕಳೆಯುವಷ್ಟರಲ್ಲಿ ನೆಲದ ಮೇಲಿನ ಬ್ಯಾಕ್ಟೀರಿಯಗಳ ಸಂಖ್ಯೆ ಮೊದಲಿದ್ದಷ್ಟೇ ಆಗಿತ್ತು! ಜನರ ಪಾದಗಳು ನಡೆದಾಡುವವರೆಗೆ, ಗಾಳಿಯಿಂದ ಧೂಳು ಕೆಳಗಿಳಿಯುವವರೆಗೆ, ನೆಲವು ನಿರ್ಜೀವಾಣುವಾಗಿ ಉಳಿಯಲಾರದು. ಹೆಚ್ಚಿನ ಶೇಕಡಾ ಹದಿನಾಲ್ಕು ಹತ್ತೊಂಬತ್ತರ ಲಾಭ ಮಧ್ಯಾಹ್ನದ ಊಟದ ವೇಳೆಗೆ ಕರಗಿಹೋಗುವುದಾದರೆ, ಅದಕ್ಕಾಗಿ ತೆತ್ತ ಬೆಲೆ ನ್ಯಾಯವೇ ಎಂದು ಕೇಳಬೇಕಾಗುತ್ತದೆ.

ಹೀಗೆಂದ ಮಾತ್ರಕ್ಕೆ ರೋಗಾಣುನಾಶಕಗಳು ಮಾನವಕುಲಕ್ಕೆ ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ಸೆಮ್ಮೆಲ್ವೈಸ್ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ಜಾರಿಗೆ ತಂದನು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಹದಿನೆಂಟು ಮಂದಿ ತಾಯಂದಿರನ್ನು ಬಲಿತೆಗೆದುಕೊಂಡಿದ್ದ ಬಾಣಂತಿ ಜ್ವರ ಬೇಸಗೆಯ ವೇಳೆಗೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. 1867ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಶಸ್ತ್ರಚಿಕಿತ್ಸೆಯ ಗಾಯಗಳು ಕೊಳೆಯುವುದನ್ನು ತಡೆಗಟ್ಟಬಹುದೆಂದು ಪ್ರಕಟಿಸಿದನು. ನಮ್ಮ ಕಪ್ಪು ಫಿನಾಯಿಲು ಕಲ್ಲಿದ್ದಲಿನ ಟಾರಿನಿಂದ ಪಡೆದ, ಆ ಕಾರ್ಬಾಲಿಕ್ ಆಮ್ಲದ ಸಮೀಪ ಬಂಧುವೇ ಆಗಿದೆ.

ಆದರೆ ಇವರ ಕಥೆಯ ಉತ್ತರಾರ್ಧವನ್ನು ನಾವು ಮರೆತಿದ್ದೇವೆ. ಸೆಮ್ಮೆಲ್ವೈಸನು ಕ್ಲೋರಿನನ್ನು ಕಟ್ಟಡದ ಗೋಡೆಗಳಿಗೆ ಬಳಿಯಲಿಲ್ಲ. ರೋಗವನ್ನು ಒಯ್ಯುತ್ತಿದ್ದ ಕೈಗಳಿಗೆ ಬಳಸಿದನು. ಲಿಸ್ಟರನು ಮೊದಲು ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯಲ್ಲೆಲ್ಲ ಕಾರ್ಬಾಲಿಕ್ ತುಂತುರನ್ನು ಎರಚಿಸುತ್ತಿದ್ದನಾದರೂ 1890ರ ವೇಳೆಗೆ ಅದು ವ್ಯರ್ಥವೆಂದು ಮನಗಂಡು ತಾನೇ ಅದನ್ನು ಕೈಬಿಟ್ಟನು. ಅದೇ ಕಾಲದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕೆರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ಪಾದರಸದ ರೋಗಾಣುನಾಶಕದಿಂದ ಹುಣ್ಣಾದುವು. ಅವಳ ಕೈಗಳನ್ನು ಕಾಪಾಡಲೆಂದು ಶಸ್ತ್ರವೈದ್ಯ ಹಾಲ್‌ಸ್ಟೆಡ್ ತೆಳುವಾದ ರಬ್ಬರಿನ ಕೈಗವಸುಗಳನ್ನು ಮಾಡಿಸಿದನು. ಇಂದು ಪ್ರಪಂಚದ ಶಸ್ತ್ರವೈದ್ಯರೆಲ್ಲ ರೋಗಿಯ ರಕ್ಷಣೆಗಾಗಿ ಧರಿಸುವ ಕೈಗವಸು ಆರಂಭದಲ್ಲಿ ಹುಟ್ಟಿದ್ದು ಕೆಲಸ ಮಾಡುವವಳೊಬ್ಬಳ ಚರ್ಮದ ರಕ್ಷಣೆಗಾಗಿ ಎಂಬುದು ಸ್ಮರಣೀಯ. ನೂರಮೂವತ್ತು ವರ್ಷಗಳ ಬಳಿಕವೂ ನಮ್ಮ ಎಷ್ಟೋ ಕಟ್ಟಡಗಳಲ್ಲಿ ಶೌಚಾಲಯಕ್ಕೆ ಆಸಿಡ್ ಹಾಕಿ ಉಜ್ಜುವ ಹೆಂಗಸಿಗೆ ಆ ಕೈಗವಸು ತಲಪಿಲ್ಲ.

ರೋಗದ ಮಾರ್ಗವನ್ನು ಅರಿಯದೆ ರೋಗಾಣುನಾಶಕವನ್ನು ಸುರಿದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅಧಿಕಾರಿಗಳು ಮನೆಗಳನ್ನೂ ಚರಂಡಿಗಳನ್ನೂ ಕಾರ್ಬಾಲಿಕ್ ದ್ರಾವಣದಿಂದ ತೊಳೆಸಿದರು. ಪ್ಲೇಗು ನಿಲ್ಲಲಿಲ್ಲ, 1898ರಲ್ಲಿ ಅದು ಬೆಂಗಳೂರನ್ನೂ ಹೊಕ್ಕಿತು. ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಈ ರೋಗವು ಇಲಿಯ ಚಿಗಟದಿಂದ ಹರಡುವುದೆಂದು ತೋರಿಸಿಕೊಟ್ಟನು. ಶತ್ರು ಬಿಲದಲ್ಲಿದ್ದಾಗ ನಾವು ಗೋಡೆಯನ್ನು ತೊಳೆಯುತ್ತಿದ್ದೆವು. ಬೆಂಗಳೂರಿಗೆ ಕೊನೆಗೆ ಬಂದ ಶಾಶ್ವತ ಪ್ರಯೋಜನವೆಂದರೆ ಗಾಳಿ ಬೆಳಕುಗಳಿಗೆ ಅವಕಾಶವಿದ್ದ ಬಸವನಗುಡಿ, ಮಲ್ಲೇಶ್ವರಗಳಂತಹ ಹೊಸ ಬಡಾವಣೆಗಳು.

ಈ ಪಾಠವನ್ನು ನಾವು 2020ರಲ್ಲಿ ಮತ್ತೆ ಮರೆತೆವು. ಕೋವಿಡ್ ಹರಡುತ್ತಿದ್ದಾಗ ಬೀದಿಗಳಿಗೂ ಮರಗಳಿಗೂ ಸೋಡಿಯಮ್ ಹೈಪೊಕ್ಲೋರೈಟ್ ದ್ರಾವಣವನ್ನು ಎರಚಲಾಯಿತು. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ನೆಲದ ಮೇಲೆ ಕುಳ್ಳಿರಿಸಿ ಅವರ ಮೈಮೇಲೆಯೇ ಸಿಂಪಡಿಸಿದ್ದೂ ಆಯಿತು. ಮನುಷ್ಯರ ಮೇಲೆ ಇಂತಹ ದ್ರಾವಣಗಳನ್ನು ಸಿಂಪಡಿಸಕೂಡದೆಂದು ಕೇಂದ್ರ ಆರೋಗ್ಯ ಮಂತ್ರಾಲಯವು 2020ರ ಏಪ್ರಿಲಿನಲ್ಲಿ ತಿಳಿಸಬೇಕಾಯಿತು. ಬೀದಿಗಳಿಗೆ ಸಿಂಪಡಿಸುವುದನ್ನು ತಾನು ಅನುಮೋದಿಸುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಮೇ ತಿಂಗಳಿನಲ್ಲಿ ಹೇಳಿತು. ಆ ರೋಗ ಮುಖ್ಯವಾಗಿ ಹರಡುತ್ತಿದ್ದುದು ಉಸಿರಾಡುವ ಗಾಳಿಯಿಂದ. ಮೇಲ್ಮೈಯೊಂದನ್ನು ಮುಟ್ಟಿದುದರಿಂದ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಮೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರ ಏಪ್ರಿಲಿನಲ್ಲಿ ಅಂದಾಜು ಮಾಡಿತು. ಕಿಟಕಿಗಳನ್ನು ತೆರೆಯಬೇಕಾದ ಕಾಲದಲ್ಲಿ ನಾವು ಮೇಜುಗಳನ್ನು ಒರೆಸುತ್ತ ಕುಳಿತಿದ್ದೆವು. ಆಗ ಹುಟ್ಟಿದ ಅಭ್ಯಾಸಗಳು ಎಷ್ಟೋ ಕಟ್ಟಡಗಳಲ್ಲಿ ಇನ್ನೂ ನಿಂತಿಲ್ಲ.

ಅತಿಯಾದ ಬಳಕೆಯಿಂದ ಆಗುವ ಹಾನಿ ಏನು? ಅತ್ಯಂತ ಪರಿಚಿತವಾದುದರಿಂದಲೇ ಆರಂಭಿಸೋಣ. ಶೌಚಾಲಯಕ್ಕೆ ಬ್ಲೀಚಿಂಗ್ ಪೌಡರನ್ನು ಉದುರಿಸಿ, ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಆಸಿಡನ್ನು ಹೊಯ್ಯುವುದು ನಮ್ಮಲ್ಲಿ ಕಂಡುಬರುವ ರೂಢಿ. ಈ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಇವೆರಡೂ ಕೂಡಿದ ಕ್ಷಣದಲ್ಲಿ ಹಸುರು ಹಳದಿ ಬಣ್ಣದ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ನಾಲ್ಕಡಿ ಅಗಲದ, ಒಂದು ಗೇಣು ಕಿಂಡಿಯ ಕೋಣೆಯಲ್ಲಿ ಬಗ್ಗಿ ಉಜ್ಜುತ್ತಿರುವವಳಿಗೆ ಮೊದಲು ಕಣ್ಣುರಿ, ಬಳಿಕ ಕೆಮ್ಮು, ಆಮೇಲೆ ಎದೆ ಬಿಗಿತ. ಒಮ್ಮೆ ಒಂದು ಸಮಾರಂಭದ ಮಂಟಪದಲ್ಲಿ ಇಂತಹ ದೃಶ್ಯವನ್ನು ನಾನು ಕಂಡೆನು. ಹೊರಗೆ ಓಡಿಬಂದು ಗೋಡೆಗೊರಗಿ ಕೆಮ್ಮುತ್ತಿದ್ದ ಆಕೆ ವಿಚಾರಿಸಿದವರಿಗೆ, "ಏನಿಲ್ಲ ಸ್ವಾಮಿ, ಇದು ದಿನಾ ಇರೋದೇ" ಎಂದಳು. ದಿನವೂ ಇರುವುದರಿಂದಲೇ ಅದು ಗಂಭೀರವಾದುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ದಿನನಿತ್ಯದ ಅಲ್ಪ ಪ್ರಮಾಣವೂ ಕಾಲಾಂತರದಲ್ಲಿ ಶ್ವಾಸಕೋಶಕ್ಕೆ ಹಾನಿಕರವೆಂದು ಶಂಕಿಸಲು ಈಗ ಬಲವಾದ ಆಧಾರಗಳಿವೆ. ಯೂರೋಪಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಇಪ್ಪತ್ತು ವರ್ಷಗಳ ಕಾಲ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶುಚಿಗೊಳಿಸುವ ಕೆಲಸದಲ್ಲಿದ್ದ ಹೆಂಗಸರ ಶ್ವಾಸಕೋಶದ ಶಕ್ತಿ ಇತರ ಹೆಂಗಸರಿಗಿಂತ ಶೀಘ್ರವಾಗಿ ಕುಂದುತ್ತಿದ್ದುದು ತಿಳಿದುಬಂದಿತು. ಅಮೆರಿಕದ ಎಪ್ಪತ್ತು ಸಾವಿರಕ್ಕೂ ಹೆಚ್ಚು ದಾದಿಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವು, ವಾರಕ್ಕೊಮ್ಮೆಯಾದರೂ ರೋಗಾಣುನಾಶಕಗಳನ್ನು ಬಳಸುವವರಲ್ಲಿ ದೀರ್ಘಕಾಲದ ಶ್ವಾಸಕೋಶ ರೋಗದ ಸಂಭವ ಶೇಕಡಾ 25ರಿಂದ 38ರಷ್ಟು ಅಧಿಕವೆಂದು ತೋರಿಸಿತು. ಇಂತಹ ಅಧ್ಯಯನಗಳು ಸಂಬಂಧವನ್ನು ಸೂಚಿಸುತ್ತವೆಯೇ ಹೊರತು ಕಾರಣವನ್ನು ಸಂಪೂರ್ಣವಾಗಿ ಸಿದ್ಧಪಡಿಸಲಾರವು ಎಂಬ ಮಾತು ನಿಜ. ಆದರೆ ಸಂಪೂರ್ಣ ಸಿದ್ಧಾಂತ ದೊರೆಯುವವರೆಗೆ ಬಡವರ ಶ್ವಾಸಕೋಶಗಳನ್ನು ಪ್ರಯೋಗಕ್ಕಿಡುವುದು ಸರಿಯಲ್ಲ.

ಕಪ್ಪು ಫಿನಾಯಿಲಿನ ವರ್ಗದ ವಸ್ತುಗಳ ಬಗೆಗೆ ಇನ್ನೊಂದು ಎಚ್ಚರಿಕೆಯ ಸಂಗತಿಯುಂಟು. 1970ರ ದಶಕದಲ್ಲಿ ಅಮೆರಿಕದ ಕೆಲವು ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ ಫೀನಾಲ್ ವರ್ಗದ ದ್ರಾವಣವನ್ನು ಹೇಳಿದುದಕ್ಕಿಂತ ಗಟ್ಟಿಯಾಗಿ ಬಳಸಿದಾಗ ಶಿಶುಗಳ ರಕ್ತದಲ್ಲಿ ಕಾಮಾಲೆಗೆ ಕಾರಣವಾದ ಬಿಲಿರುಬಿನ್ ಏರಿತು. ಆ ಬಳಿಕ ಶಿಶುವಿಹಾರದ ತೊಟ್ಟಿಲುಗಳಿಗೂ ಪೆಟ್ಟಿಗೆಗಳಿಗೂ ಇದನ್ನು ಬಳಸಬಾರದೆಂದು ಸಲಹೆ ನೀಡಲಾಗಿದೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ, ನೆಲವನ್ನು ಮೂಸುತ್ತ ಪಾದವನ್ನು ನೆಕ್ಕಿಕೊಳ್ಳುವ ಬೆಕ್ಕಿರುವ ಮನೆಯಲ್ಲಿ ಈ ಮಾತನ್ನು ನೆನೆಯಬೇಕು. ಫೀನಾಲನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಮೆ. ತಂಪು ಪಾನೀಯದ ಹಳೆಯ ಸೀಸೆಗಳಲ್ಲಿ ಫಿನಾಯಿಲನ್ನೂ ಆಸಿಡನ್ನೂ ತುಂಬಿಡುವ ಅಭ್ಯಾಸವಂತೂ ಮಕ್ಕಳ ಪ್ರಾಣಕ್ಕೆ ನೇರವಾದ ಅಪಾಯ.

"ಹಾಗಾದರೆ ವಾಸನೆಯಿಲ್ಲದ, ಕೈ ಸುಡದ ನವೀನ ದ್ರಾವಣಗಳನ್ನು ಬಳಸಬಹುದಲ್ಲ?" ಎಂದು ವಾಚಕರು ಕೇಳಬಹುದು. ವಾಸನೆ ಶುದ್ಧಿಯ ಗುರುತಲ್ಲವೆಂಬಂತೆ, ವಾಸನೆಯಿಲ್ಲದಿರುವುದು ಸುರಕ್ಷತೆಯ ಗುರುತೂ ಅಲ್ಲ. ದಕ್ಷಿಣ ಕೊರಿಯದಲ್ಲಿ ಕೋಣೆಯ ಗಾಳಿಗೆ ತೇವವನ್ನು ಕೊಡುವ ಯಂತ್ರಗಳ ನೀರಿಗೆ ಬೆರೆಸಲು ಒಂದು ಬಗೆಯ ರೋಗಾಣುನಾಶಕವನ್ನು 1994ರಿಂದ ಮಾರಲಾಗುತ್ತಿತ್ತು. ಚರ್ಮಕ್ಕೆ ಅಷ್ಟಾಗಿ ಬಾಧಕವಲ್ಲದ ಆ ವಸ್ತುವು ಮಂಜಿನ ರೂಪದಲ್ಲಿ ಶ್ವಾಸಕೋಶವನ್ನು ಸೇರಿದಾಗ ಅದನ್ನು ಗಟ್ಟಿಗೊಳಿಸಿ ಕೊಲ್ಲುತ್ತಿತ್ತು. 2011ರಲ್ಲಿ ಬಸುರಿಯರೂ ಬಾಣಂತಿಯರೂ ವಿಚಿತ್ರ ಶ್ವಾಸರೋಗದಿಂದ ಆಸ್ಪತ್ರೆ ಸೇರಿದಾಗಲೇ ಸತ್ಯ ಹೊರಬಿದ್ದಿತು. ಪ್ರಾಣ ಕಳೆದುಕೊಂಡವರಲ್ಲಿ ಹಸುಳೆಗಳೂ ಇದ್ದುವು. ಚರ್ಮಕ್ಕೆ ಸುರಕ್ಷಿತವಾದುದು ಉಸಿರಿಗೂ ಸುರಕ್ಷಿತವೆಂಬ ಊಹೆ ಎಂತಹ ದುರಂತಕ್ಕೆ ದಾರಿಯಾಗಬಹುದೆಂಬುದಕ್ಕೆ ಇದು ನಿದರ್ಶನ.

ಇಂದು ಕಚೇರಿ, ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬೆಂಜಾಲ್ಕೋನಿಯಮ್ ಕ್ಲೋರೈಡ್ ಮೊದಲಾದ ಚತುರ್ಥಕ ಅಮೋನಿಯಮ್ ಲವಣಗಳು 1935ರಿಂದ ಪ್ರಸಿದ್ಧವಾದುವು. ಇವು ಉಪಯುಕ್ತವೇ, ಆದರೆ ತುಂತುರಾಗಿ ಉಸಿರಾಡಿದರೆ ಉಬ್ಬಸಕ್ಕೆ ಕಾರಣವಾಗಬಲ್ಲುವು, ನೀರನ್ನು ಸೇರಿದ ಮೇಲೆ ಕೆಸರಿಗೆ ಅಂಟಿಕೊಂಡು ಉಳಿಯಬಲ್ಲುವು. ಹತ್ತಿಯ ಬಟ್ಟೆಯು ಇವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ನೆಲವನ್ನು ಮುಟ್ಟುವ ದ್ರಾವಣ ನಾವು ಎಣಿಸಿದುದಕ್ಕಿಂತ ತೆಳುವಾಗಿರುತ್ತದೆ. ಹಳೆಯದಾದ, ದುರ್ಬಲವಾದ ಇಂತಹ ದ್ರಾವಣದಲ್ಲಿಯೇ ಸ್ಯೂಡೊಮೋನಾಸ್ ಜಾತಿಯ ಬ್ಯಾಕ್ಟೀರಿಯಗಳು ಸುಖವಾಗಿ ಬೆಳೆದ ಸಂದರ್ಭಗಳುಂಟು. ಕೊಲ್ಲಲು ತಂದ ವಸ್ತುವೇ ಸಾಕುವ ತೊಟ್ಟಿಯಾಗುವುದು ಹೀಗೆ.

ಇದುವರೆಗೆ ಕಟ್ಟಡದ ಒಳಗಿನ ಮಾತಾಯಿತು. ಬಚ್ಚಲ ಕಿಂಡಿಯಲ್ಲಿ ಇಳಿದ ಮೇಲೆ ಈ ದ್ರವ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಕೊಳಚೆ ನೀರನ್ನು ಶುದ್ಧಿಗೊಳಿಸುವ ಘಟಕಗಳಿವೆ. ಅವುಗಳಲ್ಲಿ ಕೆಲಸ ಮಾಡುವವು ಬ್ಯಾಕ್ಟೀರಿಯಗಳೇ. ಗಾಳಿಯನ್ನು ಊದಿ, ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಪೋಷಿಸಿ, ಅವುಗಳಿಂದ ಕೊಳೆಯನ್ನು ತಿನ್ನಿಸುವ ಈ ವಿಧಾನವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದರು. ಅವರಿಗೆ ಪ್ರೇರಕನಾಗಿದ್ದ ಗಿಲ್ಬರ್ಟ್ ಫೌಲರನು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದನೆಂಬುದು ನಮಗೆ ಅಭಿಮಾನದ ಸಂಗತಿ. ಆ ಘಟಕದ ಬ್ಯಾಕ್ಟೀರಿಯಗಳಿಗೂ ನೆಲದ ಬ್ಯಾಕ್ಟೀರಿಯಗಳಿಗೂ ರೋಗಾಣುನಾಶಕವು ಭೇದವೆಣಿಸುವುದಿಲ್ಲ. ಮೇಲಿನ ಮಹಡಿಗಳಲ್ಲಿ ಮಿತಿಮೀರಿ ಸುರಿದ ಕ್ಲೋರಿನೂ ಫಿನಾಯಿಲೂ ನೆಲಮಾಳಿಗೆಯ ತೊಟ್ಟಿಯಲ್ಲಿ ನಮಗಾಗಿ ದುಡಿಯುತ್ತಿರುವ ಜೀವಿಗಳನ್ನು ಕುಗ್ಗಿಸುತ್ತವೆ. ಆಗ ನೀರು ಶುದ್ಧವಾಗದೆಯೇ ಚರಂಡಿಗೂ ಕೆರೆಗೂ ಇಳಿಯುತ್ತದೆ. ಹಳ್ಳಿಯ ಮನೆಯ ಸೆಪ್ಟಿಕ್ ಟ್ಯಾಂಕಿಗೂ ಇದೇ ಮಾತು ಅನ್ವಯಿಸುತ್ತದೆ. ಮೇಲೆ ಶುದ್ಧಿಯೆಂದು ಮಾಡಿದ ಕಾರ್ಯ ಕೆಳಗೆ ಅಶುದ್ಧಿಯಾಗಿ ಪರಿಣಮಿಸುತ್ತದೆ.

ಆದುದರಿಂದ ಆಯ್ಕೆಯ ಮೊದಲ ಹೆಜ್ಜೆ ಯಾವ ರೋಗಾಣುನಾಶಕ ಎಂಬುದಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು. ಅರ್ಲ್ ಸ್ಪಾಲ್ಡಿಂಗ್ ಎಂಬ ಅಮೆರಿಕದ ವಿಜ್ಞಾನಿ ಆಸ್ಪತ್ರೆಯ ವಸ್ತುಗಳನ್ನು ಮೂರು ವರ್ಗ ಮಾಡಿದನು: ದೇಹದೊಳಕ್ಕೆ ಹೊಗುವುವು, ಒಳಪೊರೆಗಳನ್ನು ಮುಟ್ಟುವುವು, ಅಖಂಡವಾದ ಚರ್ಮವನ್ನು ಮಾತ್ರ ಮುಟ್ಟುವುವು. ನೆಲ ಸೇರುವುದು ಅತ್ಯಂತ ಕಡಮೆ ಅಪಾಯದ ಮೂರನೆಯ ವರ್ಗಕ್ಕೆ. ಕಚೇರಿ, ಶಾಲೆ, ಮನೆಗಳ ನೆಲಕ್ಕೂ ಗೋಡೆಗೂ ಸಾಬೂನಿನ ನೀರು, ಶುದ್ಧವಾದ ಬಟ್ಟೆ, ತೆರೆದ ಕಿಟಕಿ ಇವು ನಿತ್ಯಕ್ಕೆ ಸಾಕು. ಹಲವರ ಕೈ ಸೋಕುವ ನಲ್ಲಿ, ಬಾಗಿಲ ಚಿಲಕ, ಶೌಚಾಲಯದ ಆಸನ, ರೋಗಿಯ ಮಂಚ, ರಕ್ತ ಅಥವಾ ವಾಂತಿ ಬಿದ್ದ ಜಾಗ ಇಲ್ಲಿ ರೋಗಾಣುನಾಶಕಕ್ಕೆ ನಿಜವಾದ ಕೆಲಸವಿದೆ. ಕೊಳೆಯಾದ ನೀರಿನಲ್ಲಿಯೇ ಬಟ್ಟೆಯನ್ನು ಮತ್ತೆ ಮತ್ತೆ ಅದ್ದಿ ಕೋಣೆಯಿಂದ ಕೋಣೆಗೆ ಹೋಗುವುದು ಕೊಳೆಯನ್ನು ಹಂಚುವ ಕ್ರಮವೇ ಸರಿ. ಸಾಬೂನಿಗೊಂದು, ಬಟ್ಟೆಯನ್ನು ಜಾಲಾಡಲೊಂದು, ಅವಶ್ಯವಿದ್ದಲ್ಲಿ ರೋಗಾಣುನಾಶಕಕ್ಕೊಂದು ಎಂದು ಮೂರು ಬಕೆಟ್ಟುಗಳನ್ನಿಡುವ ಪದ್ಧತಿ ನಮ್ಮ ಸರಕಾರಿ ಆಸ್ಪತ್ರೆಗಳಿಗೆ ವಿಧಿಸಲ್ಪಟ್ಟಿದೆ. ಅದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ನಿಗಾ.

ಎರಡನೆಯ ಹೆಜ್ಜೆ ವಸ್ತುವಿನ ಆಯ್ಕೆ. ಕೆಲಸ ಮುಗಿದ ಮೇಲೆ ನಿರಪಾಯಕಾರಿ ಪದಾರ್ಥಗಳಾಗಿ ಒಡೆದುಹೋಗುವ ವಸ್ತುಗಳಿಗೆ ಪ್ರಾಶಸ್ತ್ಯ ಕೊಡಬೇಕು. ಇವುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮುಖ್ಯವಾದುದು. 1818ರಲ್ಲಿ ಥೆನಾರ್ಡನು ಕಂಡುಹಿಡಿದ ಈ ದ್ರವವು ತನ್ನ ಕಾರ್ಯ ಮುಗಿಸಿ ನೀರು ಮತ್ತು ಆಮ್ಲಜನಕಗಳಾಗಿ ವಿಭಜನೆಗೊಳ್ಳುತ್ತದೆ. ಮಾರ್ಜಕಗಳೊಡನೆ ಸೇರಿಸಿ ತಯಾರಿಸಿದಾಗ ಶೇಕಡಾ ಅರ್ಧದಷ್ಟು ತೆಳುವಾದ ದ್ರಾವಣವೂ ಪರಿಣಾಮಕಾರಿ. ಶೇಕಡಾ 70ರ ಮದ್ಯಸಾರವು ಚಿಲಕ, ಗುಂಡಿ, ದೂರವಾಣಿಗಳಂತಹ ಸಣ್ಣ ಮೇಲ್ಮೈಗಳಿಗೆ ಒಳ್ಳೆಯದು. ಬೆಂಕಿಗೆ ಬಹುಬೇಗ ಈಡಾಗುವುದರಿಂದ ನೆಲಕ್ಕೆ ಸಲ್ಲದು. ಸಿಟ್ರಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳನ್ನು ಆಧರಿಸಿದ, ಪರೀಕ್ಷೆಗೊಳಗಾದ ದ್ರಾವಣಗಳೂ ಇವೆ. ಕೊಳವೆಬಾವಿಯ ಗಡಸು ನೀರಿನಿಂದ ಶೌಚಾಲಯದಲ್ಲಿ ಕಟ್ಟುವ ಬಿಳಿಯ ಹೊಪ್ಪಳೆ ಸುಣ್ಣದ ಲವಣವೇ ಆದುದರಿಂದ ಸಿಟ್ರಿಕ್ ಆಮ್ಲವು ಸ್ವಲ್ಪ ಹೊತ್ತು ಬಿಟ್ಟರೆ ಅದನ್ನು ಕರಗಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವೂ ಕರಗಿಸುತ್ತದೆ; ಆದರೆ ಅದರೊಂದಿಗೆ ಮೊಸಾಯಿಕ್ ನೆಲವನ್ನೂ ಅಮೃತಶಿಲೆಯನ್ನೂ ಸಿಮೆಂಟಿನ ಸಂದುಗಳನ್ನೂ ತಿನ್ನುತ್ತದೆ. ಹಾಗೆ ಒರಟಾದ ನೆಲವು ಕೊಳೆಯನ್ನು ಮೊದಲಿಗಿಂತ ಹೆಚ್ಚಾಗಿ ಹಿಡಿಯುವುದರಿಂದ ಮರುದಿನ ಇನ್ನಷ್ಟು ಆಸಿಡ್ ಬೇಕಾಗುತ್ತದೆ.

ಇಲ್ಲಿ ಪ್ರಾಮಾಣಿಕತೆಗಾಗಿ ಎರಡು ಮಾತು ಹೇಳಬೇಕು. ಒಂದೇ ವಸ್ತು ಎಲ್ಲಕ್ಕೂ ಮದ್ದಲ್ಲ. ವಾಂತಿಭೇದಿಯನ್ನು ತರುವ ನೊರೋವೈರಸಿಗೂ ಕೆಲವು ಬ್ಯಾಕ್ಟೀರಿಯಗಳ ಬೀಜಾಣುಗಳಿಗೂ ಮದ್ಯಸಾರ ಸಾಲದು. ಅಲ್ಲಿ ಕ್ಲೋರಿನ್ ಬೇಕು. ಆದರೆ ಅಳತೆಯಲ್ಲಿ: ಶೇಕಡಾ 5ರ ಹೈಪೊಕ್ಲೋರೈಟ್ ದ್ರಾವಣದ ಒಂದು ಪಾಲಿಗೆ ನಾಲ್ವತ್ತೊಂಬತ್ತು ಪಾಲು ನೀರು ಬೆರೆಸಿದರೆ ಸಾಮಾನ್ಯ ಮೇಲ್ಮೈಗೆ ಸಾಕಾದ ಶೇಕಡಾ 0.1ರ ದ್ರಾವಣವಾಗುತ್ತದೆ, ಒಂಬತ್ತು ಪಾಲು ಬೆರೆಸಿದರೆ ರಕ್ತ ಚೆಲ್ಲಿದ ಜಾಗಕ್ಕೆ ಬೇಕಾದ ಶೇಕಡಾ 0.5ರ ದ್ರಾವಣ. ಅಳತೆಯ ಲೋಟವಿಲ್ಲದೆ ಕೈಯಂದಾಜಿನಲ್ಲಿ ಸುರಿಯುವುದು ವಿಜ್ಞಾನವಲ್ಲ. ಎರಡನೆಯದು, "ನೈಸರ್ಗಿಕ", "ಗಿಡಮೂಲಿಕೆಯಿಂದ ತಯಾರಾದುದು" ಎಂಬ ಚೀಟಿಯೇ ಪ್ರಮಾಣವಲ್ಲ. ಅಂಟುವಾಳವೂ ಸೀಗೆಯೂ ಜಿಡ್ಡು ತೆಗೆಯುವುದರಲ್ಲಿ ಶ್ರೇಷ್ಠ. ಅವು ರೋಗಾಣುನಾಶಕಗಳೆಂದು ಎಣಿಸಬಾರದು. ನಿಂಬೆಯ ಪರಿಮಳ ಬೆರೆಸಿದ ದ್ರಾವಣದಲ್ಲಿ ನಿಂಬೆಯಿರಬೇಕೆಂಬ ನಿಯಮವೂ ಇಲ್ಲ.

ಮೂರನೆಯ ಹೆಜ್ಜೆ ಕಾಲ. ಯಾವ ರೋಗಾಣುನಾಶಕವೂ ಮುಟ್ಟಿದೊಡನೆ ಕೊಲ್ಲುವುದಿಲ್ಲ. ವಸ್ತುವನ್ನೂ ರೋಗಾಣುವನ್ನೂ ಅನುಸರಿಸಿ ಒಂದು ನಿಮಿಷದಿಂದ ಹತ್ತು ನಿಮಿಷಗಳವರೆಗೆ ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಸಿಂಪಡಿಸಿ ತತ್‌ಕ್ಷಣ ಒರೆಸಿಬಿಟ್ಟರೆ ವೆಚ್ಚವೂ ಹಾನಿಯೂ ಉಳಿದು ಫಲ ಮಾತ್ರ ಉಳಿಯುವುದಿಲ್ಲ. ಸೀಸೆಯ ಮೇಲೆ ಬರೆದ ರೈಡೀಲ್ ವಾಕರ್ ಗುಣಾಂಕವನ್ನು ನೋಡಿ ಕೊಳ್ಳುವವರು ಒಂದನ್ನು ನೆನಪಿಡಬೇಕು: 1903ರಲ್ಲಿ ರೂಪುಗೊಂಡ ಈ ಪರೀಕ್ಷೆಯು ವಿಷಮಶೀತ ಜ್ವರದ ಬ್ಯಾಕ್ಟೀರಿಯವನ್ನು ಕೊಲ್ಲುವಲ್ಲಿ ದ್ರಾವಣವು ಫೀನಾಲಿಗೆ ಹೋಲಿಸಿದರೆ ಎಷ್ಟು ಶಕ್ತವೆಂಬುದನ್ನಷ್ಟೇ ಹೇಳುತ್ತದೆ. ಅದನ್ನು ಉಪಯೋಗಿಸುವವರ ಕೈಗೆ, ಉಸಿರಿಗೆ, ಚರಂಡಿಯ ಆಚೆಯ ಕೆರೆಗೆ ಅದು ಏನು ಮಾಡುತ್ತದೆಂಬುದನ್ನು ಆ ಅಂಕಿ ತಿಳಿಸುವುದಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳಲ್ಲಿ ವೆಚ್ಚವೇ ದೊಡ್ಡದು. ಫಿನಾಯಿಲೂ ಆಸಿಡೂ ಅಗ್ಗ. ಪೆರಾಕ್ಸೈಡಿನ ದ್ರಾವಣ ದುಬಾರಿ. ಒಂದು ಸೀಸೆಯನ್ನು ಇನ್ನೊಂದು ಸೀಸೆಯೊಡನೆ ಹೋಲಿಸಿದರೆ ಇದು ನಿಜ. ಆದರೆ ನಾನು ಸೂಚಿಸುತ್ತಿರುವುದು ಎಲ್ಲೆಡೆ ಅಗ್ಗದ್ದರ ಬದಲು ದುಬಾರಿಯದನ್ನು ಸುರಿಯಬೇಕೆಂದಲ್ಲ. ಹತ್ತು ಕಡೆ ಸುರಿಯುತ್ತಿದ್ದುದನ್ನು ಒಂದು ಕಡೆ ಬಳಸಿ, ಉಳಿದ ಒಂಬತ್ತು ಕಡೆ ಸಾಬೂನಿನಿಂದ ತೊಳೆಯಬೇಕೆಂದು. ಆಗ ಲೆಕ್ಕವೇ ಬದಲಾಗುತ್ತದೆ. ಹಾಳಾದ ನೆಲದ ದುರಸ್ತಿ, ಕೆಟ್ಟ ಶುದ್ಧೀಕರಣ ಘಟಕದ ರಿಪೇರಿ, ಕೆಲಸಕ್ಕೆ ಬರಲಾಗದೆ ಮನೆಯಲ್ಲಿ ಕೆಮ್ಮುತ್ತ ಕುಳಿತವಳು ಕಳೆದುಕೊಂಡ ದಿನಗೂಲಿ ಇವನ್ನೂ ಲೆಕ್ಕದಲ್ಲಿ ಸೇರಿಸಿದರೆ ಅಗ್ಗದ ವಸ್ತು ಅಗ್ಗವಾಗಿ ಉಳಿಯುವುದಿಲ್ಲ. ಕೊನೆಯ ಬಾಬತ್ತು ಯಾವ ಕಚೇರಿಯ ಲೆಕ್ಕಪತ್ರದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲವೆಂಬುದೇ ಈ ಸಮಸ್ಯೆಯ ತಿರುಳು.

ಆದುದರಿಂದ ಹೊಣೆಗಾರಿಕೆ ಕೊಳ್ಳುವವರದು: ಶಾಲೆಯ ಮುಖ್ಯೋಪಾಧ್ಯಾಯರು, ಕಚೇರಿಯ ಮೇಲ್ವಿಚಾರಕರು, ವಸತಿ ಸಮುಚ್ಚಯದ ಸಂಘದವರು, ಮಂಟಪದ ಮಾಲೀಕರು. ಗುತ್ತಿಗೆ ಕೊಡುವಾಗ "ನೆಲ ಒರೆಸತಕ್ಕದ್ದು" ಎಂದಷ್ಟೇ ಬರೆಯದೆ, ಯಾವ ವಸ್ತು, ಯಾವ ಅಳತೆ, ಯಾವ ಜಾಗಕ್ಕೆ ಎಂಬುದನ್ನು ಬರೆಯಬೇಕು. ಸೀಸೆಯ ಮೇಲಿನ ಸೂಚನೆ ಒರೆಸುವವರಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಬಾಯಿಮಾತಿನಲ್ಲಿ ಹೇಳಿ ಮಾಡಿ ತೋರಿಸಬೇಕು. ಆಸಿಡನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಗೂಡಿನಲ್ಲಿ ಇಡಬಾರದು. ಕೈಗವಸು, ಅಳತೆಯ ಲೋಟ, ತೆರೆಯಬಲ್ಲ ಕಿಟಕಿ ಈ ಮೂರೂ ದ್ರಾವಣದ ಬೆಲೆಯಲ್ಲಿ ಸೇರಿದುವೆಂದೇ ಎಣಿಸಬೇಕು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸಿಡಿನ ಚಿಲ್ಲರೆ ಮಾರಾಟಕ್ಕೆ ನಿರ್ಬಂಧಗಳನ್ನು ವಿಧಿಸಿತು. ಅದರ ಕಾರಣ ಬೇರೆಯಾಗಿದ್ದರೂ, ಕಟ್ಟಡಗಳ ಶುದ್ಧಿಗೆ ಆಸಿಡ್ ಅನಿವಾರ್ಯವೆಂಬ ಭಾವನೆಯನ್ನು ಬಿಡಲು ಅದೂ ಒಂದು ಸಂದರ್ಭವಾಗಬೇಕಿತ್ತು.

ನಮ್ಮ ಹಿರಿಯರು ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಸುತ್ತಿದ್ದರು, ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದರು. ಹೊಸದಾಗಿ ಬಳಿದ ಸುಣ್ಣದ ತೀವ್ರ ಕ್ಷಾರಗುಣಕ್ಕೂ ಸೂರ್ಯನ ಅತಿನೇರಳೆ ಕಿರಣಗಳಿಗೂ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಉಂಟೆಂದು ಇಂದು ನಾವು ಬಲ್ಲೆವು. ಹಿಂದಿನದೆಲ್ಲ ಶ್ರೇಷ್ಠವೆಂದು ನಾನು ವಾದಿಸುವುದಿಲ್ಲ. ಆ ಶುದ್ಧಿಗೆ ವಾಸನೆಯ ಸಾಕ್ಷಿ ಬೇಕಿರಲಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಇನ್ನು ಮುಂದೆ ಯಾವುದಾದರೂ ಕಟ್ಟಡವನ್ನು ಹೊಕ್ಕಾಗ ತೀಕ್ಷ್ಣವಾದ ವಾಸನೆ ಎದುರಾದರೆ ವಾಚಕರು ಅಷ್ಟಕ್ಕೇ ಸಮಾಧಾನಪಡದಿರಲಿ. ನೆಲವನ್ನು ಮೊದಲು ತೊಳೆದಿದ್ದಾರೆಯೆ? ಅಳತೆ ನೋಡಿ ಬೆರೆಸಿದ್ದಾರೆಯೆ? ಕಿಟಕಿ ತೆರೆದಿದೆಯೆ? ಒರೆಸಿದವಳ ಕೈಗೆ ಗವಸು ಇತ್ತೆ? ಈ ನಾಲ್ಕು ಪ್ರಶ್ನೆಗಳಿಗೆ ಹೌದೆಂಬ ಉತ್ತರ ದೊರೆತ ಕಟ್ಟಡವೇ ಶುದ್ಧವಾದ ಕಟ್ಟಡ. ಅಲ್ಲಿ ಯಾವ ವಾಸನೆಯೂ ಬಾರದಿದ್ದರೆ ಇನ್ನೂ ಒಳ್ಳೆಯದು.